ವಿಚ್‌ಕ್ರಾಫ್ಟ್‌ಗೆ ಹೊಸಬರೇ? ನಾಲ್ಕು ಸಾಲು ಪದ್ಯ, ಒಂದು ಲಯದಿಂದ ಶುರು ಮಾಡಿ

ವಿಚ್‌ಕ್ರಾಫ್ಟ್ (ಮಂತ್ರ ಮತ್ತು ವಿಧಿಗಳ ಪಾಶ್ಚಾತ್ಯ ಅಭ್ಯಾಸ) ಕಲಿಯಹೊರಟವರು ಮೊದಲು ಹುಡುಕುವುದು ಅಂಗಡಿ. ಹರಳು, ಬಣ್ಣದ ಮೇಣದಬತ್ತಿ, ಟ್ಯಾರೋ ಕಾರ್ಡು, ಕೆತ್ತನೆಯ ಬಟ್ಟಲು ಎಲ್ಲವೂ ಬರುತ್ತವೆ. ಮೇಜಿನ ಮುಂದೆ ಕೂತಾಗ ಮಾತ್ರ ಬಾಯಿಂದ ಏನು ಹೊರಡಬೇಕು ಎಂಬುದು ಗೊತ್ತಿರುವುದಿಲ್ಲ. ಎಲ್ಲಿಂದಲೋ ಎತ್ತಿದ ಇಂಗ್ಲಿಷ್ ಸಾಲುಗಳನ್ನು ತಡವರಿಸುತ್ತಾ ಓದಿ, ಏನೂ ಅನಿಸದೆ, ವಾರದೊಳಗೆ ಡಬ್ಬಿ ಮುಚ್ಚುತ್ತಾರೆ. ಈ ಅಭ್ಯಾಸದ ನಿಜವಾದ ಕೆಲಸ ನಡೆಯುವುದು ಉಸಿರು, ದನಿ ಮತ್ತು ಲಯದಲ್ಲಿ. ಹಾಗಾಗಿ ಇಲ್ಲಿ ಪದ್ಯ ಮೊದಲು, ನಾದ ಆಮೇಲೆ, ಸಾಮಾನು ಕೊನೆಗೆ.

ಏನು, ಏನಲ್ಲ

ಇಂದು ವಿಚ್‌ಕ್ರಾಫ್ಟ್ ಎನ್ನುವ ಅಭ್ಯಾಸಕ್ಕೆ ಈಗಿನ ರೂಪ ಬಂದದ್ದು ಹೆಚ್ಚಾಗಿ ಇಪ್ಪತ್ತನೇ ಶತಮಾನದ ನಡುವಿನ ಬ್ರಿಟನ್ನಿನಲ್ಲಿ. ಅಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡ್ನರ್ ಇದರ ಬಗ್ಗೆ ಪುಸ್ತಕ ಬರೆದ ಮೇಲೆ ವಿಕ್ಕಾ ಎಂಬ ಪಂಥ ಹೊರಜಗತ್ತಿಗೆ ಪರಿಚಯವಾಯಿತು. ಅದರ ಆಚರಣೆಯ ಪಠ್ಯಗಳನ್ನು ತಿದ್ದಿ, ಹೊಸದಾಗಿ ಬರೆದು ಇವತ್ತಿನ ರೂಪಕ್ಕೆ ತಂದವರಲ್ಲಿ ಮುಖ್ಯರು ಡೋರೀನ್ ವ್ಯಾಲಿಯಂಟೆ. ಆಕೆ ಕವಿ, ಮತ್ತು ಅದು ಆಕಸ್ಮಿಕವಲ್ಲ. ವಿಕ್ಕಾ ಒಂದು ಧರ್ಮ. ವಿಚ್‌ಕ್ರಾಫ್ಟ್ ಅದಕ್ಕಿಂತ ಅಗಲವಾದದ್ದು: ದೇವರನ್ನು ನಂಬುವವರೂ ಮಾಡುತ್ತಾರೆ, ನಂಬದವರೂ ಮಾಡುತ್ತಾರೆ. ಒಬ್ಬರೇ ಮಾಡುವುದಕ್ಕೆ ದೀಕ್ಷೆ ಬೇಕಿಲ್ಲ. ದೀಕ್ಷೆಯ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವವರಿಂದ ದೂರವಿರಿ.

ಮಂತ್ರ ಹೇಳಿದರೆ ಹೊರಗಿನ ಲೋಕ ಬಾಗುತ್ತದೆ ಎಂಬುದಕ್ಕೆ ಪುರಾವೆಯಿಲ್ಲ. ಹೇಳುವವರ ಗಮನ, ಉಸಿರು, ಧೈರ್ಯ ಬದಲಾಗುವುದು ಮಾತ್ರ ಅಭ್ಯಾಸ ಮಾಡಿದವರಿಗೆ ತಿಳಿದ ವಿಷಯ. ಆದ್ದರಿಂದ ಕಾಯಿಲೆಗೆ ವೈದ್ಯರು, ಜಗಳಕ್ಕೆ ಮಾತುಕತೆ. ಅವಕ್ಕೆ ಬದಲಾಗಿ ಇದನ್ನು ಇಡಬೇಡಿ. ಇನ್ನೊಬ್ಬರ ಹೆಸರು ಹಿಡಿದು ಅವರ ಮನಸ್ಸು ತಿರುಗಿಸುವ, ಕೇಡು ಬಯಸುವ ಪ್ರಯೋಗಗಳನ್ನೂ ಬಿಡಿ. ಯಾರಿಗೂ ಕೇಡಾಗದಿದ್ದರೆ ಇಷ್ಟಬಂದಂತೆ ಮಾಡು ಎಂಬುದು ವಿಕ್ಕಾದ ಪ್ರಸಿದ್ಧ ನಿಯಮ. ಕೇಡಿನ ಪ್ರಯೋಗಕ್ಕೆ ಇಳಿದವರು ತಿಂಗಳುಗಟ್ಟಲೆ ಆ ವ್ಯಕ್ತಿಯನ್ನೇ ತಲೆಯಲ್ಲಿ ಹೊತ್ತು ತಿರುಗುತ್ತಾರೆ. ನಷ್ಟ ಅವರದೇ.

ಹೆಜ್ಜೆ 1: ಒಂದು ಫೈಲು

ಹೊಲಿದ ನೋಟ್‌ಬುಕ್ಕಿಗಿಂತ ಹಾಳೆ ತೆಗೆದು ಹಾಕಬಹುದಾದ ಫೈಲು ಒಳ್ಳೆಯದು, ಏಕೆಂದರೆ ಪದ್ಯಗಳನ್ನು ತಿದ್ದಿ ತಿದ್ದಿ ಬರೆಯುವಿರಿ, ಹಳೆಯದನ್ನು ಹಿಂದಕ್ಕೆ ಸರಿಸುವಿರಿ. ಪ್ರತಿ ಸಲ ಬರೆಯಬೇಕಾದದ್ದು: ದಿನ, ಗಂಟೆ, ಚಂದ್ರನ ಸ್ಥಿತಿ, ಕೂರುವ ಮುಂಚಿನ ಮನಸ್ಸು, ಮಾಡಿದ್ದು ಏನು, ಎಷ್ಟು ನಿಮಿಷ. ಕೆಳಗೆ ನಾಲ್ಕು ಸಾಲು ಖಾಲಿ ಬಿಡಿ. ಎರಡು ವಾರದ ನಂತರ ಮರಳಿ ಬಂದು ಏನಾಯಿತು ಎಂದು ಅಲ್ಲಿ ತುಂಬಿಸಿ. ಈ ಖಾಲಿ ಜಾಗ ಬಿಡದವರಿಗೆ ಫಲಿಸಿದ್ದು ಮಾತ್ರ ನೆನಪಿರುತ್ತದೆ, ಫಲಿಸದ್ದು ಮರೆಯುತ್ತದೆ.

ಹೆಜ್ಜೆ 2: ಚಂದ್ರನನ್ನು ನೋಡಿ

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸರಾಸರಿ 29.5 ದಿನ. ಬೆಳೆಯಬೇಕಾದ್ದಕ್ಕೆ (ಕಲಿಕೆ, ಧೈರ್ಯ, ಹೊಸ ಕೆಲಸ) ಚಂದ್ರ ಬೆಳೆಯುವ ಪಕ್ಷ, ಬಿಡಬೇಕಾದ್ದಕ್ಕೆ (ಚಟ, ಕೊರಗು) ಕ್ಷೀಣಿಸುವ ಪಕ್ಷ ಎಂಬುದು ರೂಢಿ. ಸಂಜೆ ಸೂರ್ಯ ಮುಳುಗಿದ ಕೂಡಲೇ ಪಶ್ಚಿಮದಲ್ಲಿ ಗೆರೆ ಚಂದ್ರ ಕಂಡರೆ ಬೆಳೆಯುತ್ತಿದ್ದಾನೆ. ಬೆಳಗಿನ ಜಾವ ಪೂರ್ವದಲ್ಲಿ ಕಂಡರೆ ಕರಗುತ್ತಿದ್ದಾನೆ. ಆ್ಯಪ್ ನೋಡುವುದಕ್ಕಿಂತ ತಲೆಯೆತ್ತಿ ನೋಡುವುದು ಮೇಲು. ವರ್ಷದ ಎಂಟು ಹಬ್ಬಗಳ ಚಕ್ರವೂ ಇದೆ: ಎರಡು ಅಯನ, ಎರಡು ವಿಷುವ, ಅವುಗಳ ನಡುವೆ ನಾಲ್ಕು. ಅದು ಉತ್ತರ ಯುರೋಪಿನ ಚಳಿ-ಸುಗ್ಗಿಯ ಲೆಕ್ಕ. ಹೊಸಬರಿಗೆ ಮೊದಲ ವರ್ಷ ಚಂದ್ರನಷ್ಟೇ ಸಾಕು.

ಹೆಜ್ಜೆ 3: ಪದ್ಯ ಕಟ್ಟುವುದು

ಇಲ್ಲಿ ನಿಧಾನಿಸಿ. ಇಡೀ ಅಭ್ಯಾಸದ ಮುಕ್ಕಾಲು ಪಾಲು ಇದೇ.

ಹಳೆಯ ಮಂತ್ರಪದ್ಯಗಳು ಹೇಗೆ ಕಟ್ಟಿದವು ಎಂದು ನೋಡಲು ಒಂದು ಒಳ್ಳೆಯ ಮಾದರಿ ಜರ್ಮನಿಯ ಮೆರ್ಸೆಬುರ್ಗ್‌ನಲ್ಲಿ 1841ರಲ್ಲಿ ಬೆಳಕಿಗೆ ಬಂತು. ಹಸ್ತಪ್ರತಿ 10ನೇ ಶತಮಾನದ್ದು, ಮಂತ್ರಗಳು ಎರಡು. ಎರಡನೆಯದರಲ್ಲಿ ದೇವತೆಗಳು ಕಾಡಿನ ಕಡೆ ಸವಾರಿ ಹೊರಟಾಗ ಕುದುರೆಯ ಕಾಲು ಉಳುಕಿದ ಕಥೆ ಮೊದಲು ಬರುತ್ತದೆ. ಆಮೇಲೆ ಆಜ್ಞೆ: ಮೂಳೆಗೆ ಮೂಳೆ, ನೆತ್ತರಿಗೆ ನೆತ್ತರು, ಅಂಗಕ್ಕೆ ಅಂಗ ಕೂಡಲಿ. ಮೊದಲು ನಡೆದದ್ದನ್ನು ಹೇಳು, ನಂತರ ನಡೆಯಬೇಕಾದ್ದನ್ನು ಹೇಳು. ಈ ಎರಡು ಭಾಗದ ಕಟ್ಟು ಇವತ್ತಿಗೂ ಕೆಲಸಕ್ಕೆ ಬರುತ್ತದೆ, ಏಕೆಂದರೆ ಬರಿಯ ಬಯಕೆಗೆ ಕಾಲೂರಲು ನೆಲವಿರುವುದಿಲ್ಲ.

ಕನ್ನಡದಲ್ಲಿ ಬರೆಯಿರಿ. ಕನಸಿನಲ್ಲಿ ಬರುವ ಭಾಷೆ ಯಾವುದೋ ಅದೇ ಬೇಕು, ಅಷ್ಟೇ ಅಲ್ಲ, ನಮ್ಮ ಮಾತ್ರಾಛಂದಸ್ಸು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘಾಕ್ಷರ, ಅನುಸ್ವಾರ ಅಥವಾ ವಿಸರ್ಗ ಹತ್ತಿದ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಎರಡು ಮಾತ್ರೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದು ಮರೆತಿದ್ದರೆ ಇಷ್ಟು ನೆನಪಾದರೆ ಸಾಕು. ಮೂರು ಮಾತ್ರೆಯ ನಡೆ ಕುಣಿಯುತ್ತದೆ, ಹುಮ್ಮಸ್ಸಿಗೆ ಒಳ್ಳೆಯದು. ಐದರದ್ದು ಬಳುಕುತ್ತದೆ, ಹೊಸಬರ ನಾಲಗೆಗೆ ಸಿಗುವುದಿಲ್ಲ. ನಾಲ್ಕರ ನಡೆ ನೆಟ್ಟಗಿರುತ್ತದೆ, ಬಡಿತಕ್ಕೆ ಕೂರುತ್ತದೆ. ನಾಲ್ಕು ಮಾತ್ರೆಯ ನಾಲ್ಕು ಗಣ (ಮಾತ್ರೆಗಳ ಗುಂಪು), ಒಂದು ಸಾಲಿಗೆ 16 ಮಾತ್ರೆ. ಅಂಥ ನಾಲ್ಕು ಸಾಲು.

ನಿದ್ದೆ ಬಾರದ ರಾತ್ರಿಗೆ ಬರೆದ ಒಂದು ಮಾದರಿ:

ಕದವನು ಮುಚ್ಚಿದೆ, ಹೊರಗಿದೆ ಗದ್ದಲ
ಎದೆಯೊಳಗಿಳಿಯಲಿ ಮೆಲ್ಲನೆ ಮೌನವು
ಅದುರುವ ಬೆರಳಿಗೆ ಬಿಡುವಿದೆ ಇರುಳಲಿ
ಉದಯದವರೆಗೂ ನಿದ್ದೆಯ ಕಾವಲು

ಮೊದಲ ಸಾಲನ್ನು ಬಿಡಿಸಿ: ಕದವನು / ಮುಚ್ಚಿದೆ / ಹೊರಗಿದೆ / ಗದ್ದಲ. ನಾಲ್ಕೂ ತೂಕ ಸರಿ. ಎರಡನೆಯ ಸಾಲಿನಲ್ಲಿ ಗಣ ಪದದ ನಡುವೆ ಮುರಿಯುತ್ತದೆ (ಎದೆಯೊಳ / ಗಿಳಿಯಲಿ). ಹೀಗೆ ಆಗಾಗ ಮುರಿದರೆ ಒಳ್ಳೆಯದೇ, ಇಲ್ಲದಿದ್ದರೆ ಓದು ಕುಂಟಾಟವಾಗುತ್ತದೆ. ನಾಲ್ಕೂ ಸಾಲಿನ ಎರಡನೆಯ ಅಕ್ಷರದಲ್ಲಿ ದಕಾರ ಬಂದಿದೆ, ಅದು ಆದಿಪ್ರಾಸ. ಕೊನೆಯ ಪ್ರಾಸಕ್ಕಿಂತ ಮಂತ್ರಕ್ಕೆ ಇದು ಹೆಚ್ಚು ಉಪಕಾರಿ: ಮುಂದಿನ ಸಾಲು ಯಾವುದೆಂದು ಸಾಲಿನ ಆರಂಭದಲ್ಲೇ ಬಾಯಿಗೆ ನೆನಪು ಕೊಡುತ್ತದೆ, ಕತ್ತಲಲ್ಲಿ ಹಾಳೆ ನೋಡಬೇಕಾಗುವುದಿಲ್ಲ.

ಪದ್ಯ ಶುರುವಾದದ್ದು ಆಗಲೇ ಮುಗಿದ ಕೆಲಸದಿಂದ: ಕದ ಮುಚ್ಚಿದ್ದು. ಅದು ನಿಜವಾಗಿರಬೇಕು. ಎದ್ದುಹೋಗಿ ಬಾಗಿಲು ಹಾಕಿ ಬಂದು ಕೂತ ಮೇಲೆಯೇ ಆ ಸಾಲು ಹೇಳುವುದು. ಭಯ, ಚಿಂತೆ, ನಿದ್ರಾಹೀನತೆ ಎಂಬ ಪದಗಳು ಎಲ್ಲೂ ಇಲ್ಲ. ‘ಭಯವೆಲ್ಲ ದೂರವಾಗಲಿ’ ಎಂದು ಇಪ್ಪತ್ತೇಳು ಸಲ ಹೇಳಿದರೆ ಇಪ್ಪತ್ತೇಳು ಸಲ ಭಯವನ್ನು ಕರೆದಂತಾಯಿತು. ಬೇಡದ್ದರ ಹೆಸರು ಬಿಟ್ಟು ಬೇಕಾದ್ದರ ಹೆಸರು ಹಿಡಿಯಿರಿ. ಮೈಗೆ ಸಂಬಂಧಿಸಿದ ಒಂದು ಪದವಾದರೂ (ಇಲ್ಲಿ ಎದೆ, ಬೆರಳು) ಇರಲಿ. ‘ಎಲ್ಲ ಒಳ್ಳೆಯದಾಗಲಿ’ ಎಂಬಂಥ ಸಾಲಿಗೆ ಹಿಡಿಯಲು ಕೊನೆಯೇ ಇಲ್ಲ, ಎರಡು ವಾರದ ನಂತರ ಫೈಲಿನಲ್ಲಿ ಏನು ತುಂಬಿಸುತ್ತೀರಿ?

ಪರೀಕ್ಷೆ ಸುಲಭ. ಪದ್ಯವನ್ನು ತಡೆಯಿಲ್ಲದೆ ಒಂಬತ್ತು ಸಲ ಗಟ್ಟಿಯಾಗಿ ಹೇಳಿ. ಐದಾರನೇ ಸುತ್ತಿನಲ್ಲಿ ನಾಲಗೆ ಎಲ್ಲಿ ಎಡವುತ್ತದೋ ಅಲ್ಲಿ ಒತ್ತಕ್ಷರ ಜಾಸ್ತಿಯಾಗಿದೆ, ಅಥವಾ ಸಂಸ್ಕೃತ ಸಮಾಸ ತೂರಿಕೊಂಡಿದೆ. ಮೊದಲ ಸಲಕ್ಕೆ ಗಂಭೀರವಾಗಿ ಕೇಳಿಸಿದ ಪದವೇ ಹೆಚ್ಚಾಗಿ ಅಪರಾಧಿ.

ಹೆಜ್ಜೆ 4: ಬಡಿತ, ಶ್ರುತಿ, ಧಾಟಿ

ಫೋನಿನ ಮೆಟ್ರೊನೋಮನ್ನು (ಸಮ ಬಡಿತ ಕೊಡುವ ಆ್ಯಪ್) 60ಕ್ಕೆ ಇಡಿ, ಅಂದರೆ ಸೆಕೆಂಡಿಗೊಂದು ಬಡಿತ. ಒಂದು ಬಡಿತಕ್ಕೆ ಒಂದು ಗಣ. ಸಾಲಿಗೆ ನಾಲ್ಕು ಸೆಕೆಂಡು, ಪದ್ಯಕ್ಕೆ ಹದಿನಾರು. ಉಸಿರು ಸಾಲಿನ ಕೊನೆಯಲ್ಲಿ ಮಾತ್ರ ತೆಗೆದುಕೊಳ್ಳಿ. ಮಧ್ಯೆ ಏದುಸಿರು ಬಂದರೆ ದನಿ ಜಾಸ್ತಿ ಮಾಡುತ್ತಿದ್ದೀರಿ ಎಂದರ್ಥ, ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟಿದ್ದರೆ ಸಾಕು.

ಬೆರಳಿನಿಂದ ತೊಡೆ ತಟ್ಟಿ ಶುರು ಮಾಡಿ. ಎರಡು ವಾರ ಲಯ ಜಾರದೆ ನಿಂತ ಮೇಲೆ ತಮಟೆಯಂಥ ಫ್ರೇಮ್ ಡ್ರಮ್ ಹಿಡಿಯಬಹುದು. ಚರ್ಮದ ಹೊದಿಕೆಯದ್ದಾದರೆ ತೇವದ ಹವೆಯಲ್ಲಿ ಸಡಿಲವಾಗಿ ದನಿ ಇಳಿಯುತ್ತದೆ, ಹದವಾದ ಬಿಸಿ ತಾಗಿಸಿದರೆ ಏರುತ್ತದೆ. ಬೆಂಕಿಯ ಹತ್ತಿರ ಹಿಡಿದರೆ ಬಿರಿಯುತ್ತದೆ. ಪ್ಲಾಸ್ಟಿಕ್ ಹೊದಿಕೆಯದ್ದಕ್ಕೆ ಈ ರಗಳೆಯಿಲ್ಲ, ನಾದ ಮಾತ್ರ ಸ್ವಲ್ಪ ತೆಳು. ಸಣ್ಣ ಕೋಣೆಯಲ್ಲಿ ಕಿವಿಯ ಮಟ್ಟಕ್ಕೆ ಎತ್ತಿ ಬಾರಿಸಬೇಡಿ.

ಶ್ರುತಿಗೆ ತಂಬೂರಿ ಆ್ಯಪ್ ಸಾಕು. ಶ್ರುತಿ ಇಲ್ಲದೆ ಹಾಡಿದರೆ ಪ್ರತಿ ಸುತ್ತಿನಲ್ಲೂ ದನಿ ಕೂದಲೆಳೆಯಷ್ಟು ಏರಿ, ಕೊನೆಗೆ ಗಂಟಲು ಬಿಗಿಯುತ್ತದೆ. ಲಯ ವೇಗವಾದಂತೆ ಸ್ವರವೂ ಏರುವುದು ಅನೇಕ ಹೊಸಬರ ಅಭ್ಯಾಸ.

ಧಾಟಿಗೆ ನಾಲ್ಕು ಸ್ವರ ಮೀರಬೇಡಿ. ಗಣಕ್ಕೊಂದು ಸ್ವರದಂತೆ:

ಮೊದಲ ಸಾಲು: ಸ ಸ ರಿ ಸ
ಎರಡನೆಯದು: ಸ ನಿ ನಿ ಸ
ಮೂರನೆಯದು: ಸ ರಿ ಗ ರಿ
ನಾಲ್ಕನೆಯದು: ರಿ ಸ ನಿ ಸ

ನಿಷಾದ ಕೆಳಗಿನದು. ಚತುಶ್ರುತಿ ರಿಷಭ, ಸಾಧಾರಣ ಗಾಂಧಾರ, ಕೈಶಿಕಿ ನಿಷಾದ. ಸ್ವರಜ್ಞಾನ ಇಲ್ಲದವರು ಕೀಬೋರ್ಡಿನಲ್ಲಿ ಎ ಅನ್ನು ಷಡ್ಜ ಮಾಡಿಕೊಂಡರೆ ಜಿ, ಎ, ಬಿ, ಸಿ ಎಂಬ ನಾಲ್ಕು ಬಿಳಿ ಕೀಗಳಲ್ಲಿ ಎಲ್ಲ ಮುಗಿಯುತ್ತದೆ. ಕಂಠಕ್ಕೆ ಒಗ್ಗದಿದ್ದರೆ ಇಡಿಯಾಗಿ ಮೇಲೆ ಕೆಳಗೆ ಸರಿಸಿಕೊಳ್ಳಿ. ಚೆಂದ ಮಾಡಲು ಗಮಕ ಸೇರಿಸುವ ಆಸೆ ಆಗುತ್ತದೆ. ತಡೆಯಿರಿ: ಕೇಳಲು ಇಂಪಾದಷ್ಟೂ ಗಮನ ನಿಮ್ಮ ಗಾಯನದ ಕಡೆಗೇ ಹೋಗುತ್ತದೆ.

ಹಿನ್ನೆಲೆಗೆ ಹಾಡು ಹಾಕುವವರಿಗೆ ಒಂದು ಮಾತು. ಸಾಹಿತ್ಯವಿರುವ ಹಾಡು ಬೇಡವೇ ಬೇಡ, ಎರಡು ಭಾಷಾಪ್ರವಾಹ ಒಟ್ಟಿಗೆ ಹರಿದರೆ ಸೋಲುವುದು ನಿಮ್ಮ ಪದ್ಯ. ಒಂದೇ ಉದ್ದನೆಯ ಟ್ರ್ಯಾಕ್ ಡೌನ್‌ಲೋಡ್ ಮಾಡಿಕೊಂಡು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ನಡುವೆ ಜಾಹೀರಾತು ಕೂಗಿಕೊಂಡರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ಹೆಜ್ಜೆ 5: ಸಾಮಾನು, ಮತ್ತು ಅದರಿಂದಾಗುವ ಅನಾಹುತ

ಒಂದು ಮೇಣದಬತ್ತಿ, ಒಂದು ಬಟ್ಟಲು ನೀರು, ಬಾರಿಸುವ ಒಂದು ಗಂಟೆ, ಲೆಕ್ಕಕ್ಕೆ 27 ಕಲ್ಲು ಅಥವಾ ಬೀಜ, ಎರಡು ಚಿಕ್ಕ ಬಟ್ಟಲು. ಇಷ್ಟೇ. ಸುತ್ತುಗಳನ್ನು ಮನಸ್ಸಿನಲ್ಲಿ ಎಣಿಸಿದರೆ ಪದ್ಯ ತಪ್ಪುತ್ತದೆ, ಪ್ರತಿ ಸುತ್ತಿಗೆ ಒಂದು ಬೀಜವನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ಹಾಕುತ್ತಾ ಹೋಗಿ.

ಬತ್ತಿಯ ತುದಿ 5–6 ಮಿಲಿಮೀಟರ್‌ಗಿಂತ ಉದ್ದ ಬೇಡ, ಉದ್ದವಾದರೆ ಮಸಿ ಕಾರುತ್ತದೆ. ಮರಳು ಹಾಕಿದ ಲೋಹದ ತಟ್ಟೆಯಲ್ಲಿ ನಿಲ್ಲಿಸಿ, ಸುತ್ತ ಕನಿಷ್ಠ 30 ಸೆಂಟಿಮೀಟರ್ ಖಾಲಿ ಇರಲಿ. ಪರದೆಯಿಂದ ಇನ್ನೂ ದೂರ. ಮೇಣಕ್ಕೆ ಎಣ್ಣೆ ಸವರಿ ಒಣ ಗಿಡಮೂಲಿಕೆಯಲ್ಲಿ ಉರುಳಿಸಿದ ಮೇಣದಬತ್ತಿಗಳ ಚಿತ್ರಗಳು ಎಲ್ಲೆಡೆ ಕಾಣುತ್ತವೆ. ನೋಡಲು ಸೊಗಸು, ಉರಿಸಲು ಅಪಾಯ: ಕರಗಿದ ಮೇಣದಲ್ಲಿ ತೇಲುವ ಒಂದೊಂದು ಎಲೆಚೂರೂ ಹೊಸ ಬತ್ತಿಯಾಗಿ, ಮೇಣದ ಇಡೀ ಕೊಳ ಹೊತ್ತಿಕೊಳ್ಳಬಹುದು. ಮೂಲಿಕೆಯನ್ನು ತಟ್ಟೆಯ ಹೊರಗೆ ಇಟ್ಟರೂ ಅರ್ಥ ಬದಲಾಗುವುದಿಲ್ಲ. ಉರಿಯುವ ಮೇಣಕ್ಕೆ ನೀರು ಸುರಿಯಬೇಡಿ, ಸಿಡಿಯುತ್ತದೆ. ಲೋಹದ ಮುಚ್ಚಳ ಕವುಚಿ. ಕಾಗದ ಸುಡುವ ವಿಧಿಯನ್ನು ಗಾಜಿನ ಬಟ್ಟಲಲ್ಲಿ ಮಾಡಿದರೆ ಅದು ಸೀಳಬಹುದು. ಕಾಗದವನ್ನು ಚೂರು ಮಾಡಿ ನೀರಿಗೆ ಹಾಕುವುದೇ ವಾಸಿ. ಧೂಪಕ್ಕೆ ಇದ್ದಿಲು ಉರಿಸುವುದಾದರೆ ಕಿಟಕಿ ತೆರೆದಿರಲಿ, ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಸೇರಿಕೊಳ್ಳುತ್ತದೆ.

ಹರಳು ನೀರಿನಲ್ಲಿಟ್ಟು ಆ ನೀರು ಕುಡಿಯುವ ರೂಢಿ ಬಿಡಿ. ಮಾಲಕೈಟ್‌ನಲ್ಲಿ ತಾಮ್ರವಿದೆ. ಸೆಲೆನೈಟ್ ಎಂದರೆ ಜಿಪ್ಸಮ್, ನೀರಿಗೆ ಸವೆಯುತ್ತದೆ. ಉಪ್ಪನ್ನು ಗಿಡದ ಬುಡಕ್ಕೆ ಸುರಿದರೆ ಗಿಡ ಸಾಯುತ್ತದೆ. ಸುಗಂಧತೈಲ ನೇರವಾಗಿ ಚರ್ಮಕ್ಕೆ ಹಚ್ಚಬೇಡಿ, ಬೆಕ್ಕಿರುವ ಮನೆಯಲ್ಲಿ ಟೀ ಟ್ರೀ ಎಣ್ಣೆ ಬೇಡವೇ ಬೇಡ. ಗುರುತು ಖಾತ್ರಿಯಿಲ್ಲದ ಮೂಲಿಕೆ ಬಾಯಿಗೆ ಹೋಗಬಾರದು.

ಹೆಜ್ಜೆ 6: ಮೊದಲ ಆಚರಣೆ

ಒಟ್ಟು ಹದಿನೈದು ನಿಮಿಷ. ಮೊದಲೇ ಊಟ ಬಿಗಿಯಾಗಿ ಆಗಿರಬಾರದು, ಹಸಿವೂ ಇರಬಾರದು.

ಕೂತು, ನಾಲ್ಕು ಎಣಿಸುವಷ್ಟು ಉಸಿರು ಎಳೆದು, ಎಂಟು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿ ಗುಂಯ್‌ಗುಡುತ್ತಾ ಬಿಡಿ. ಹತ್ತು ಸಲ ಮಾಡಿದರೆ ಸುಮಾರು ಎರಡು ನಿಮಿಷ. ತಲೆ ಹಗುರವಾಗಿ ತಿರುಗಿದಂತಾದರೆ ಅದು ಶಕ್ತಿಯಲ್ಲ, ಉಸಿರು ಅತಿಯಾಗಿ ಆಡಿದ್ದು. ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ.

ಗಂಟೆ ಒಂದು ಸಲ ಬಾರಿಸಿ, ನಾದ ಪೂರ್ತಿ ಅಡಗುವವರೆಗೆ ಕಾಯಿರಿ. ಬತ್ತಿ ಹೊತ್ತಿಸಿ. ಏಕೆ ಕೂತಿದ್ದೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಆಡುಮಾತಿನಲ್ಲಿ ಹೇಳಿ. ಬೇಕಿದ್ದರೆ ಬಲಗಡೆಯಾಗಿ ಒಂದು ಸುತ್ತು ನಡೆದು ವೃತ್ತ ಎಳೆಯಿರಿ, ವಿಕ್ಕಾದಲ್ಲಿ ಅದು ಪದ್ಧತಿ. ಉಳಿದವರಿಗೆ ಐಚ್ಛಿಕ.

ಈಗ ಪದ್ಯ. ಚುರುಕು ತರಬೇಕಾದ ಕೆಲಸಕ್ಕೆ ಒಂಬತ್ತು ಸುತ್ತು 60ರ ಬಡಿತದಲ್ಲಿ, ಒಂಬತ್ತು 72ರಲ್ಲಿ, ಒಂಬತ್ತು 90ರಲ್ಲಿ. ಲೆಕ್ಕ ಹಾಕಿದರೆ ಸರಿಯಾಗಿ ಆರು ನಿಮಿಷ. ಮೇಲಿನ ನಿದ್ದೆಯ ಪದ್ಯದಂಥದ್ದಕ್ಕೆ ಇದೇ ಕ್ರಮ ತಿರುಗಿಸಿ: 90, 72, 60. ಇದನ್ನು ಮರೆತು, ಮಲಗುವ ಮುಂಚೆ ಏರುವ ಲಯದಲ್ಲಿ ಹೇಳಿ ನಡುರಾತ್ರಿವರೆಗೆ ಕಣ್ಣು ಬಿಟ್ಟುಕೊಂಡಿರುವವರು ಬಹಳ. ನಿದ್ದೆಯ ಪದ್ಯವಾದರೆ ಕೊನೆಯ ಮೂರು ಸುತ್ತಿನಲ್ಲಿ ದನಿ ಪಿಸುಮಾತಿಗೆ ಇಳಿದು, ಕೊನೆಯದು ತುಟಿಯಲ್ಲೇ ಇರಲಿ. ಏರುವ ಲಯ 100 ದಾಟಿದರೆ ಸೆಕೆಂಡಿಗೆ ಆರೂವರೆಗಿಂತ ಹೆಚ್ಚು ಮಾತ್ರೆ ಉಚ್ಚರಿಸಬೇಕಾಗುತ್ತದೆ, ನಾಲಗೆ ತೊದಲುತ್ತದೆ. ಅಲ್ಲಿಂದ ಮುಂದೆ ಹೋಗಬೇಕೆಂದರೆ ಪದ ಬಿಟ್ಟು ಒಂದು ಸ್ವರವನ್ನಷ್ಟೇ ಎಳೆಯಿರಿ, ಕೈ ಮಾತ್ರ ಬಡಿಯಲಿ.

ಕೊನೆಯ ಬೀಜ ಬಿದ್ದ ಕೂಡಲೇ ದನಿ, ಬಡಿತ ಎರಡನ್ನೂ ಒಮ್ಮೆಲೇ ನಿಲ್ಲಿಸಿ. ನಿದ್ದೆಯ ಪದ್ಯ ಬಿಟ್ಟು ಬೇರೆಯದರಲ್ಲಿ ಕ್ರಮೇಣ ಇಳಿಸಬೇಡಿ. ಆ ನಂತರದ ಎರಡು ನಿಮಿಷವೇ ಮುಖ್ಯ ಭಾಗ: ಕಿವಿಯಲ್ಲಿ ಲಯ ಇನ್ನೂ ಓಡುತ್ತಿರುತ್ತದೆ, ಕೋಣೆ ಸ್ತಬ್ಧವಾಗಿರುತ್ತದೆ. ಏನನ್ನೂ ಕಲ್ಪಿಸಿಕೊಳ್ಳಲು ಹೆಣಗಬೇಡಿ. ಆಮೇಲೆ ಅಂಗೈಗಳನ್ನು ನೆಲಕ್ಕೆ ಒತ್ತಿ, ನೀರು ಕುಡಿದು, ಏನಾದರೂ ಒಂದು ತುತ್ತು ತಿನ್ನಿ. ಗಂಟೆ, ಬತ್ತಿಗೆ ಮುಚ್ಚಳ, ಫೈಲಿನಲ್ಲಿ ಮೂರು ಸಾಲು.

ಮೂವರು ನಾಲ್ವರು ಸೇರಿದರೆ

ಲಯ ಹಿಡಿಯುವವರು ಒಬ್ಬರೇ ಇರಬೇಕು, ಅವರು ಪದ್ಯ ಹೇಳಬಾರದು. ಉಳಿದವರಲ್ಲಿ ಒಬ್ಬರು ಸಾಲು ಹೇಳಿ, ಮಿಕ್ಕವರು ಅದನ್ನೇ ಮರಳಿ ಹೇಳಲಿ. ಪದ್ಯದ ಉದ್ದ ಇಮ್ಮಡಿಯಾಗುವುದರಿಂದ ಸುತ್ತುಗಳನ್ನು 27ರಿಂದ 13ಕ್ಕೆ ಇಳಿಸಿ. ಯಾವಾಗ ನಿಲ್ಲಿಸುವುದು ಎಂಬ ಸನ್ನೆ ಮೊದಲೇ ಗೊತ್ತಾಗಿರಲಿ, ಡ್ರಮ್ಮಿನ ಮೇಲೆ ಎರಡು ಗಟ್ಟಿ ಏಟು ಸಾಕು. ಸನ್ನೆಯಿಲ್ಲದ ಗುಂಪಿನಲ್ಲಿ ಒಬ್ಬೊಬ್ಬರಾಗಿ ಬಾಯಿ ಮುಚ್ಚುತ್ತಾರೆ, ಮೌನ ಬರುವ ಬದಲು ಮುಜುಗರ ಬರುತ್ತದೆ.

ಮೊದಲ ತಿಂಗಳು ಹೀಗೆ ಹಂಚಿಕೊಳ್ಳಿ. ಮೊದಲ ವಾರ ಚಂದ್ರ ನೋಡುವುದು, ಪದ್ಯ ಬರೆಯುವುದು ಮಾತ್ರ. ಎರಡನೆಯ ವಾರ ದಿನಕ್ಕೆ ಐದು ನಿಮಿಷ ಲಯದೊಂದಿಗೆ ಓದು. ಮೂರನೆಯದರಲ್ಲಿ ಧಾಟಿ ಸೇರಿಸಿ. ನಾಲ್ಕನೆಯದರಲ್ಲಿ ಎರಡು ಪೂರ್ಣ ಆಚರಣೆ, ನಡುವೆ ಕನಿಷ್ಠ ಮೂರು ದಿನ ಬಿಡುವು. ದಿನಾ ಮಾಡಿದರೆ ಪದ್ಯ ಬಾಯಿಪಾಠದ ಗೊಣಗಾಟವಾಗುತ್ತದೆ. ಒಂದೇ ಪದ್ಯವನ್ನು ಇಡೀ ತಿಂಗಳು ಬಳಸಿ, ವಾರಕ್ಕೊಮ್ಮೆ ಒಂದು ಪದ ತಿದ್ದಬಹುದು. ನಿದ್ದೆ ಕೆಡುತ್ತಿದ್ದರೆ, ಯಾರೂ ಇಲ್ಲದಾಗ ದನಿ ಕೇಳಿಸುತ್ತಿದ್ದರೆ, ಯಾರೋ ನಿಮಗೆ ಮಾಡಿಸಿದ್ದಾರೆ ಎಂಬ ಅನುಮಾನ ಬಿಡದೆ ಕಾಡುತ್ತಿದ್ದರೆ ಫೈಲು ಮುಚ್ಚಿಟ್ಟು ವೈದ್ಯರನ್ನು ಕಾಣಿ. ಆರಾಮಾದ ಮೇಲೆ ಮೂರನೆಯ ಹೆಜ್ಜೆಯಿಂದ, ಬರಿಯ ಪದ್ಯದಿಂದ ಮತ್ತೆ ಶುರು ಮಾಡಬಹುದು.